ನಾಲ್ಕು ಅಡಿ ಒಂಬತ್ತು ಇಂಚು

ಶ್ವಾಸಕೋಶದ ವಾರ್ಡು, ನಾಲ್ಕನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ
ಹದಿನಾಲ್ಕನೇ ತಾರೀಕು, ಸೋಮವಾರ ಬೆಳಿಗ್ಗೆ

ಪ್ರೀತಿಯ ಏಣೀ,

ಹೇಗಿದ್ದೀಯೋ ತಮ್ಮಾ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯಾ? ಆ ಗೋದಾಮಿನಲ್ಲಿ ಮೂಟೆ ಎತ್ತಿ ಹಿಡಿದುಕೊಂಡಿದ್ದ ಸೊಂಟ ಸರಿಹೋಯಿತಾ? ಆರು ವಾರದಿಂದ ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಫೋನನ್ನಾದರೆ ಕಟ್ ಮಾಡಬಹುದು, ಅಕ್ಕನ ಕಾಗದವನ್ನು ಓದದೆ ಎಸೆಯುವಷ್ಟು ಧೈರ್ಯ ನಿನಗಿಲ್ಲ. ನನ್ನ ವಿಷಯ ಕೇಳಿದರೆ, ಮೂಗಿಗೆ ನಳಿಗೆ, ಪಕ್ಕಕ್ಕೆ ಸಿಲಿಂಡರು. ನಾಲ್ಕು ಸಾಲು ಬರೆದು ಪೆನ್ನು ಕೆಳಗಿಡುತ್ತೇನೆ, ಉಸಿರು ಸಿಕ್ಕಿದ ಮೇಲೆ ಇನ್ನು ನಾಲ್ಕು ಸಾಲು. ಅಕ್ಷರ ಕಾಗೆ ಕಾಲಿನ ಹಾಗಿವೆ ಎಂದು ನಗಬೇಡ.

ನೀನು ಮುಖ ತಪ್ಪಿಸಿಕೊಂಡು ಓಡಾಡುವುದು ಏಕೆ ಎಂದು ಗೊತ್ತು. "ಅಕ್ಕನ್ನ ನಾನೇ ಕೊಂದೆ" ಎಂದು ಅಮ್ಮನ ಹತ್ತಿರ ಗೋಳಾಡಿದೆಯಂತೆ. ಬಾಯಿ ಮುಚ್ಚು. ಕೊಂದವರು ಯಾರು ಎಂದು ನಾನು ಹೇಳುತ್ತೇನೆ, ಕಿವಿಗೊಟ್ಟು ಕೇಳು.

ಕಲ್ಲು ಅರೆಯುವ ಆ ಕಾರ್ಖಾನೆಯ ಗೇಟಿನ ಗೋಡೆಗೆ ಐದು ಅಡಿ ಎತ್ತರದಲ್ಲಿ ಕೆಂಪು ಗೆರೆ ಎಳೆದವನು ನೀನಲ್ಲ. ತಲೆ ಗೆರೆ ಮುಟ್ಟದಿದ್ದರೆ ಕೆಲಸವಿಲ್ಲ, ಏಕೆಂದರೆ ಕಲ್ಲು ಸುರಿಯುವ ತೊಟ್ಟಿಯ ಅಂಚು ಎತ್ತರ. ನಿಲ್ಲಲು ಒಂದು ಮರದ ಹಲಗೆ ಹಾಕಿ ಎಂದು ಮೂರು ಸಲ ಮನವಿ ಕೊಟ್ಟೆವು, ಬಿಸಿಲಿನಲ್ಲಿ ಗೇಟಿನ ಮುಂದೆ ಧರಣಿ ಕೂತೆವು. "ಯಂತ್ರಕ್ಕೆ ತಕ್ಕ ಆಳು ನೋಡ್ಕೋತೀನಿ, ಆಳಿಗೆ ತಕ್ಕ ಯಂತ್ರ ಎಲ್ಲಿಂದ ತರ್ಲಿ?" ಎಂದು ಧಣಿ ನಕ್ಕದ್ದು ನಿನಗೂ ನೆನಪಿರಬೇಕು. ಕೊನೆಗೆ ನಾವು ಕುಳ್ಳಿಯರು ತುರುಬನ್ನು ನೆತ್ತಿಗೆ ಕಟ್ಟಿ, ತುದಿಗಾಲಲ್ಲಿ ನಿಂತೆವು. ಗೇಟಿನ ಗುಮಾಸ್ತನಾಗಿದ್ದ ನೀನು ಆಕಾಶ ನೋಡುತ್ತ ಎಲ್ಲರ ಕಾರ್ಡಿನಲ್ಲೂ ಐದು ಅಡಿ ಎರಡು ಇಂಚು ಎಂದು ಬರೆದೆ. ಇಷ್ಟು ಜನ ಹೆಂಗಸರು ಒಂದೇ ಅಳತೆಗೆ ಹುಟ್ಟಿದ ಊರು ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾವೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವಲ್ಲ! ಆ ಸುಳ್ಳಿನಿಂದ ಹದಿನೈದು ವರ್ಷ ಒಲೆ ಉರಿಯಿತು. ಆದರೆ ಎತ್ತರದವರ ಎದೆಗೆ ಬರುತ್ತಿದ್ದ ತೊಟ್ಟಿಯ ಅಂಚು ನಮ್ಮ ಮೂಗಿಗೆ ಬರುತ್ತಿತ್ತು. ಬಿಳಿ ಧೂಳು ನೆಟ್ಟಗೆ ಒಳಗೆ ಹೋಯಿತು. ನೀರು ಸಿಂಪಡಿಸುವ ಒಂದು ಪೈಪನ್ನೂ ಹಾಕಲಿಲ್ಲ ಆ ಪಾಪಿಗಳು.

ಬೇರೆಯವರ ಶ್ವಾಸಕೋಶ ಹಾಕಲು ರಕ್ತದ ಗುಂಪು ಹೊಂದಿದರೆ ಸಾಕು ಎಂದುಕೊಂಡಿದ್ದೆ. ಸಾಲದಂತೆ. ಅಳತೆಯೂ ಹೊಂದಬೇಕು. ಕೊಡುವವರ ಎತ್ತರ, ಪಡೆಯುವವರ ಎತ್ತರ, ಗಂಡೋ ಹೆಣ್ಣೋ, ಎಲ್ಲ ನೋಡಿ ಲೆಕ್ಕ ಹಾಕುತ್ತಾರೆ. ದೊಡ್ಡದನ್ನು ಸಣ್ಣ ಎದೆಗೂಡಿಗೆ ತುರುಕಿದರೆ ಅದು ಅರಳುವುದಿಲ್ಲ, ಹೃದಯವನ್ನು ಒತ್ತುತ್ತದೆ, ಎದೆಯನ್ನು ಮುಚ್ಚಿ ಹೊಲಿಯಲೂ ಆಗುವುದಿಲ್ಲ. ತೀರಾ ಸಣ್ಣದಾದರೆ ಹಿಗ್ಗಿ ಹಿಗ್ಗಿ ಕೆಡುತ್ತದೆ. ನನ್ನದೋ, ಧೂಳು ಕುಡಿದು ಗಟ್ಟಿಯಾಗಿ, ಮುದುಡಿ, ಎದೆಗೂಡನ್ನೂ ತನ್ನ ಜೊತೆಗೆ ಒಳಕ್ಕೆ ಎಳೆದುಕೊಂಡಿದೆ.

ಪಟ್ಟಿಗೆ ಹೆಸರು ಬರೆಸಿದ ದಿನ ನನಗೆ ಎದ್ದು ನಿಲ್ಲುವ ತ್ರಾಣವಿರಲಿಲ್ಲ. "ಎತ್ತರ ಎಷ್ಟಮ್ಮಾ?" ಎಂದು ನರ್ಸಮ್ಮ ಕೇಳಿದಳು. ನಾನು ಬಾಯಿ ತುಂಬ ಐದು ಅಡಿ ಎರಡು ಇಂಚು ಎಂದೆ. ಕಾರ್ಡಿನಲ್ಲೂ ಅದೇ ಇತ್ತು, ಬರೆದುಕೊಂಡಳು. ಇದು ನಿನ್ನ ತಪ್ಪೇನೋ? ಹೇಳಿದ ನಾಲಗೆ ನನ್ನದು. ಕಾರ್ಡಿಗೂ ಬಾಯಿಗೂ ತಾಳೆಯಾಗದಿದ್ದರೆ ಗೇಟಿನ ಆಚೆ ನೂಕುತ್ತಾರೆ ಎಂಬ ಭಯ ಹಾಸಿಗೆ ಹಿಡಿದ ಮೇಲೂ ನನ್ನನ್ನು ಬಿಡಲಿಲ್ಲ.

ಎಂಟು ತಿಂಗಳು ಹಾಗೇ ಕಾದೆ. ಅಷ್ಟರಲ್ಲಿ ನನಗೆ ಸರಿಹೋಗುವಂಥವು ಬಂದು, ಇವಳಿಗೆ ಚಿಕ್ಕದು ಎಂದು ಬೇರೆಯವರಿಗೆ ಹೋದವೋ ಏನೋ, ಯಾರು ಬಲ್ಲರು? ಕಳೆದ ತಿಂಗಳು ಕರೆ ಬಂತು. ಆಪರೇಷನ್ ಕೋಣೆಯ ಬಾಗಿಲವರೆಗೂ ತಳ್ಳಿಕೊಂಡು ಹೋದರು. ಡಾಕ್ಟರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಅಮ್ಮಾ, ನಿಜ ಹೇಳಿ, ಐದು ಅಡಿ ಎರಡು ಇಂಚು ಇದ್ದೀರಾ?" ಎಂದರು. "ಹೌದು ಸಾರ್" ಎಂದೆ ಕಣೋ. ಆಗಲೂ! ಅವರು ನಂಬಲಿಲ್ಲ. ಮಲಗಿದ್ದಲ್ಲೇ ಟೇಪು ಹಿಡಿಸಿದರು. ನಾಲ್ಕು ಅಡಿ ಒಂಬತ್ತು ಇಂಚು. ಎಕ್ಸರೇಯನ್ನು ದೀಪಕ್ಕೆ ಹಿಡಿದು, "ಅಂಚು ಕತ್ತರಿಸಿ ಕಿರಿದು ಮಾಡಿದ್ರೂ ಈ ಎದೆಗೆ ಹಿಡಿಸಲ್ಲ" ಎಂದು ತಲೆಯಾಡಿಸಿದರು. ಮಂಜುಗಡ್ಡೆಯ ಪೆಟ್ಟಿಗೆ ನನ್ನ ಪಕ್ಕದಿಂದಲೇ ಇನ್ನೊಂದು ಕೋಣೆಗೆ ಹೋಯಿತು. ಅಲ್ಲಿ ನನಗಿಂತ ತುಸು ಎತ್ತರದ ಒಬ್ಬ ಬಸ್ ಡ್ರೈವರಿಗೆ ಹಾಕಿದರು. ಈಗ ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ನಡೆಯುತ್ತಾನೆ, ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ. ಅವನು ನೂರು ವರ್ಷ ಉಸಿರಾಡಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಎತ್ತರ ತಿದ್ದಿ ಬರೆದಿದ್ದಾರೆ. ಕುಳ್ಳಗಿರುವವರು ಹೆಚ್ಚು ಕಾಯಬೇಕಂತೆ, ಆ ಅಳತೆಯವು ಸಿಗುವುದು ಕಡಿಮೆ. ನನ್ನ ಅಳತೆಯದು ಬರಬೇಕಾದರೆ ನನ್ನಷ್ಟೇ ಪುಟ್ಟ ಯಾವುದೋ ಜೀವ ಹೋಗಬೇಕು, ಯಾವುದೋ ತಾಯಿಯ ಸಣ್ಣ ಮಗಳೇ ಆಗಿರಬಹುದು. ಬೇಗ ಬರಲಿ ಎಂದು ಯಾವ ಬಾಯಲ್ಲಿ ಬೇಡಲಿ, ಹೇಳು.

ನೀನು ಬರೆದದ್ದು ಒಂದು ಅಂಕಿ. ಗೆರೆ ಎಳೆದವನು ಈಗಲೂ ಗೆರೆಯ ಕೆಳಗೆ ಹೆಂಗಸರನ್ನು ನಿಲ್ಲಿಸುತ್ತಿದ್ದಾನೆ. ಅಳುವುದಾದರೆ ಅದಕ್ಕೆ ಅಳು, ಇಲ್ಲದಿದ್ದರೆ ಕಣ್ಣು ಒರೆಸಿಕೊಂಡು ಮನುಷ್ಯನಾಗು. ಅಮ್ಮನಿಗೆ ವಾರಕ್ಕೊಮ್ಮೆಯಾದರೂ ಫೋನು ಮಾಡು. ನಿನ್ನ ತಲೆ ಸವರಿದ್ದೇನೆ ಎಂದುಕೋ, ಬಗ್ಗಿದರೆ ತಾನೆ ನನ್ನ ಕೈಗೆ ಸಿಗುವುದು ಆ ತಲೆ! ಚೆನ್ನಾಗಿ ಬಾಳು.

ನಿನ್ನ
ಗಿಡ್ಡಕ್ಕ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನರ್ಸಮ್ಮ ಕಾಗದಕ್ಕೆ ಕೈಚಾಚಿ ನಿಂತಿದ್ದಾಳೆ, ಬೇಗ ಹೇಳುತ್ತೇನೆ. ಶುಕ್ರವಾರ ನನ್ನ ಹೆಸರನ್ನು ಪಟ್ಟಿಯಿಂದ ತೆಗೆದರು. ಕಿಡ್ನಿಯೂ ಕೈಕೊಟ್ಟಿದೆ, ಆಪರೇಷನ್ ತಡೆಯುವ ಶಕ್ತಿ ಇಲ್ಲವಂತೆ. ಅಮ್ಮನಿಗೆ ಗೊತ್ತಿಲ್ಲ. ಈ ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಮ್ಮ ಮೂರನೇ ಯಂತ್ರದ ಚಿಕ್ಕಮ್ಮ ಮತ್ತು ಜರಡಿ ಹಿಡಿಯುವ ಗುಂಗುರುಕೂದಲಿನವಳು ಇದೇ ಪಟ್ಟಿಗೆ ಹೆಸರು ಬರೆಸಲು ಇಲ್ಲಿಗೆ ಬರುತ್ತಾರೆ. ಇಬ್ಬರೂ ನನಗಿಂತ ಕುಳ್ಳು. ನಿಜ ಹೇಳಿ ಎಂದು ಫೋನಿನಲ್ಲಿ ಗೋಗರೆದೆ. "ಕಾರ್ಡಲ್ಲಿ ಇರೋದನ್ನೇ ಹೇಳ್ತೀವಿ, ನಿನಗೆ ಜ್ವರ ತಲೆಗೇರಿದೆ" ಎಂದು ಚಿಕ್ಕಮ್ಮ ಇಟ್ಟುಬಿಟ್ಟಳು. ಕಾರ್ಡು ಬರೆದ ನೀನೇ ಬಂದು ನಿಜದ ಅಳತೆ ಹೇಳಿ ಎಂದರೆ ಅವರು ಕೇಳುತ್ತಾರೆ. ಬಾ. ನನ್ನ ಹಾಸಿಗೆಯ ಹತ್ತಿರ ಆಮೇಲೆ ಬಂದರಾಯಿತು, ಮೊದಲು ಅವರಿಬ್ಬರ ಹತ್ತಿರ ಹೋಗು.