ರಜನಿಗೆ ಗಂಡು

ಎಸ್ಕಿಲ್‌ಸ್ಟುನಾ, ಸ್ವೀಡನ್
೧೪ ನವೆಂಬರ್ ೨೦೦೬

ತಮ್ಮ ರಮಾನಂದನಿಗೆ ಅಕ್ಕನ ಆಶೀರ್ವಾದ.

ಪಡುಮನೆಯ ಹಿರಿಯ ಹೆಣ್ಣು ನಾನು. ಅಮ್ಮ ತೀರಿಕೊಂಡ ಮೇಲೆ ಆ ಮನೆಯಲ್ಲಿ ನನ್ನ ಮಾತಿಲ್ಲದೆ ಯಾವ ಮದುವೆಯೂ ನಿಶ್ಚಯವಾಗಿಲ್ಲ. ಅದನ್ನು ನೆನಪಿಟ್ಟುಕೊಂಡು ಈ ಪತ್ರ ಓದು. ನಿನ್ನ ಸಕ್ಕರೆ ಕಾಯಿಲೆ ಹೇಗಿದೆ? ಊಟಕ್ಕೆ ಮುಂಚಿನ ಮಾತ್ರೆಯನ್ನು ಹೆಂಡತಿ ನೆನಪಿಸಲಿ ಎಂದು ಕಾಯುವ ವಯಸ್ಸಲ್ಲ ನಿನ್ನದು. ನಾನು ಸೌಖ್ಯ. ಮಗಳು ನಳಿನಿಗೆ ಆರನೇ ತಿಂಗಳು. ಹಿಂದಿನ ಎರಡು ಬಸಿರೂ ಆರರಲ್ಲೇ ಹೋದದ್ದು ನಿನಗೆ ಗೊತ್ತು. ಇಲ್ಲಿಯ ಡಾಕ್ಟರು ಎಲ್ಲ ಸರಿಯಿದೆ ಎನ್ನುತ್ತಾರೆ. ಆಗಲೂ ಹಾಗೆಯೇ ಅಂದಿದ್ದರು.

ಈಗ ಇಲ್ಲಿ ಮಧ್ಯಾಹ್ನ ಮೂರೂವರೆಗೇ ದೀಪ ಹಾಕಬೇಕು. ಶನಿವಾರ ಅಳಿಯ ಲೈಬ್ರರಿಯಿಂದ ಮೆಕ್ಸಿಕೊದ ಒಂದು ಹಳೆಯ ಕಪ್ಪುಬಿಳುಪು ಸಿನಿಮಾ ತಂದ. "ದೆವ್ವದ್ದು ಅತ್ತೆ, ನಿಮಗೆ ನಗು ಬರುತ್ತೆ, ಸುಮ್ನೆ ಬನ್ನಿ" ಎಂದು ಕೂರಿಸಿದ. ಮಾತು ಅವರ ಭಾಷೆಯದು, ಕೆಳಗಿನ ಅಕ್ಷರ ಸ್ವೀಡಿಷ್. ಎರಡೂ ನನಗೆ ಬಾರದು. ಆದರೂ ಯಾರನ್ನೂ ಏನೂ ಕೇಳಬೇಕಾಗಲಿಲ್ಲ. ದೊಡ್ಡ ಮನೆ, ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿದ ಅಕ್ಕ. ತಂಗಿಗೆ ಬಂದ ಸಂಬಂಧವನ್ನು, ಹುಡುಗ ಕುದುರೆ ಲಾಯದವನೆಂದು ಮುರಿದಳು. ತಂಗಿ ಸತ್ತಳು. ಆಮೇಲೆ ಆ ಮನೆಯಲ್ಲಿ ಯಾರು ಬಸುರಿಯಾದರೂ ಖಾಲಿ ತೊಟ್ಟಿಲು ತಾನಾಗಿ ತೂಗುತ್ತದೆ. ಸತ್ತವಳು ಕಿರುಚುವುದಿಲ್ಲ, ಯಾರನ್ನೂ ಮುಟ್ಟುವುದಿಲ್ಲ. ತೊಟ್ಟಿಲ ಪಕ್ಕ ಕುಳಿತು ಅಕ್ಕನನ್ನೇ ನೋಡುತ್ತಾಳೆ. ಅಳಿಯ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮ ತಂಗಿ ರಜನಿ ಹದಿನೇಳಕ್ಕೇ ಜ್ವರದಲ್ಲಿ ಹೋದಳು. ಮದುವೆಯಾಗದೆ ಸತ್ತವಳಿಗೆ ಹಾಗೆಯೇ ಸತ್ತ ಗಂಡನ್ನು ಹುಡುಕಿ ಪ್ರೇತಮದುವೆ ಮಾಡುವುದು ನಮ್ಮ ಕಡೆಯ ಕ್ರಮ. ನಮ್ಮ ಒಕ್ಕಲು ಕಮಲಾ, ಹೊಳೆಯಲ್ಲಿ ಮುಳುಗಿದ ತನ್ನ ಮಗನಿಗೆ ರಜನಿಯನ್ನು ಕೇಳಿಕೊಂಡು ಬಂದಳು. "ನಮ್ಮ ಗದ್ದೆ ಉತ್ತವರ ಮನೆಗೆ ಸತ್ತ ಹುಡುಗಿಯನ್ನೂ ಕೊಡುವುದಿಲ್ಲ" ಎಂದೆ. ನೀನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ, ನನ್ನೆದುರು ನೀನು ಬಾಯಿ ಬಿಟ್ಟದ್ದು ಯಾವಾಗ?

ಸಿನಿಮಾ ಮುಗಿದ ಮೇಲೆ ನಳಿನಿ ಸೇಬು ಹೆಚ್ಚುತ್ತಾ, ತರಕಾರಿ ವಿಷಯ ಮಾತಾಡುವ ಹಾಗೆ ಕೇಳಿದಳು: "ಅಮ್ಮಾ, ನಮ್ಮ ಮನೇಲಿ ಎಡಗೈಯವರು ಯಾರಾದ್ರೂ ಇದ್ರಾ? ಬಾಲ್ಕನಿ ಪಕ್ಕ ಒಬ್ಬಳು ಹುಡುಗಿ ಕೂತು ಎಡಗೈಲಿ ತಲೆ ಬಾಚ್ಕೋತಾಳೆ. ಹೋದ ಎರಡು ಸಲನೂ ಬಂದಿದ್ಲು. ನಿಮ್ಮಮ್ಮ ಯಾವಾಗ ಬರ್ತಾಳೆ ಅಂತ ಕೇಳೋಳು. ಈ ಸಲ ನೀನು ಬಂದ್ಮೇಲೆ ಮಾತೇ ಆಡ್ತಿಲ್ಲ."

ರಜನಿ ಎಡಗೈಯವಳೆಂದು ನಾನು ಮಗಳಿಗೆ ಹೇಳಿಲ್ಲ. ಅಂಥ ಚಿಕ್ಕಮ್ಮ ಒಬ್ಬಳಿದ್ದಳೆಂದೇ ಹೇಳಿಲ್ಲ. ಬಾಲ್ಕನಿಯ ಕಡೆ ನೋಡದೆ, ಕೊಟ್ಟ ಸೇಬು ತಿಂದು ಎದ್ದೆ.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಹರಕೆ. ಮನೆಯ ದೈವಕ್ಕೆ ದೀಪ ತಪ್ಪಿಸಬೇಡ.

ನಿನ್ನ ಅಕ್ಕ,
ಪದ್ಮಿನಿ

ಅಂಚೆಗೆ ಹಾಕುವ ಮುಂಚೆ ಇನ್ನೊಂದು: ನಿನ್ನ ಒಪ್ಪಿಗೆ ಕೇಳಲು ಇಷ್ಟು ಬರೆದದ್ದಲ್ಲ. ನಿನ್ನೆ ಕಮಲಾಳಿಗೆ ಫೋನ್ ಮಾಡಿದೆ. ಹುಡುಗಿಯನ್ನು ಕೊಡುತ್ತೇವೆ, ತೆಗೆದುಕೊಳ್ಳುತ್ತೀಯಾ ಎಂದು ನಾನಾಗಿಯೇ ಕೇಳಿದೆ. "ನನ್ನ ಮಗನಿಗೆ ಬೇರೆ ಕಡೆಯ ಹೆಣ್ಣಿನ ಜೊತೆ ಮದುವೆಯಾಗಿ ಇಪ್ಪತ್ತು ವರ್ಷ ಆಯ್ತಲ್ಲ ಅಮ್ಮ" ಎಂದಳು. ಫೋನ್ ಇಡಲಿಲ್ಲ ನಾನು. ಮದುವೆಗೆ ಮೊದಲೇ ಹಾವು ಕಚ್ಚಿ ಹೋದ ಮೈದುನ ಒಬ್ಬ ಅವಳಿಗಿದ್ದಾನಂತೆ. ಕೂಲಿಯವನು. ಜಾತಕ ಕೇಳಲಿಲ್ಲ. ಡಿಸೆಂಬರ್ ಹತ್ತರ ಭಾನುವಾರ ಅವರು ಹೆಣ್ಣು ಕೇಳಲು ಬರುತ್ತಾರೆ, ಬಾಗಿಲಲ್ಲೇ ನಿಂತು ಒಳಗೆ ಕರೆ. ನಾನು ಮಾತು ಕೊಟ್ಟಾಗಿದೆ.