ಸ್ವಂತ ಉಸಿರು ನೋಡಲು ಅನರ್ಹಳಾದ ಅತ್ತಿಗೆಯ ಪರವಾಗಿ, ದತ್ತಾಂಶ ಭಂಡಾರಕ್ಕೆ

ಸಂಶೋಧನಾ ದತ್ತಾಂಶ ಭಂಡಾರದ ಪರವಾನಗಿ ಅಧಿಕಾರಿಗಳೇ,

ನಮ್ಮ ಅತ್ತಿಗೆಯ ಎಂಟು ವರ್ಷದ ಉಸಿರು ನಿಮ್ಮ ಕಂಪ್ಯೂಟರಿನಲ್ಲಿದೆ. ಅದನ್ನು ಅವರಿಗೆ ತೋರಿಸಲು ನೀವು ಒಪ್ಪುತ್ತಿಲ್ಲ. ಅವರ ಕಾರ್ಖಾನೆಯ ಮಾಲೀಕರ ಸಂಘಕ್ಕೆ ತೋರಿಸಿದ್ದೀರಿ. ನನ್ನ ದೂರು ಇಷ್ಟೇ, ಮೂರು ವಾಕ್ಯದಲ್ಲಿ ಮುಗಿಯಿತು. ಆದರೆ ನೀವು ಮೂರು ವಾಕ್ಯದ ಅರ್ಜಿಗೆ ಹದಿನಾಲ್ಕು ಪುಟದ ಷರತ್ತು ಕಳಿಸುವವರು. ಹಾಗಾಗಿ ನಾನೂ ಉದ್ದವಾಗಿಯೇ ಬರೆಯುತ್ತೇನೆ, ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತೇನೆ. ನಿಮ್ಮ ಕಚೇರಿಗೆ ಹಿಂದೆ ಬರೆದ ಐದು ಪತ್ರಗಳನ್ನು ಓದಿದವರು ಯಾರೆಂದು ನನಗೆ ಗೊತ್ತಿಲ್ಲ. ಬಹುಶಃ ಅದೂ ಗೋಪ್ಯ ಮಾಹಿತಿ.

ನಮ್ಮದು ಕಲ್ಲು ಹಾಸು ತಯಾರಿಸುವ ಕಾರ್ಖಾನೆ. ನೀವು ಕಾಫಿ ಲೋಟ ಇಡುವ ಕಟ್ಟೆಯ ಮೇಲಿನ ನುಣುಪು ಕಲ್ಲು ನಮ್ಮಲ್ಲಿಂದಲೇ ಹೋಗಿರಬಹುದು. ನಾನು ಕೊಯ್ಯುವ ವಿಭಾಗದವನು, ಅಣ್ಣನ ಹೆಂಡತಿ ಪಾಲಿಶ್ ಕೋಣೆಯವರು. ಆ ಕೋಣೆಯಲ್ಲಿ ಮೂವತ್ತು ಹೆಂಗಸರು ಕೈಯಂತ್ರ ಹಿಡಿದು ಕಲ್ಲನ್ನು ಕನ್ನಡಿ ಮಾಡುತ್ತಾರೆ. ಕಲ್ಲು ಕನ್ನಡಿಯಾಗುವಾಗ ಉದುರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ವಿಶ್ವವಿದ್ಯಾಲಯದವರು ಹನ್ನೊಂದು ವರ್ಷದ ಹಿಂದೆ ಬಂದರು. ಒಳ್ಳೆಯ ಪ್ರಶ್ನೆ. ನಾವೇ, ಕಾರ್ಮಿಕ ಸಂಘದವರೇ, ಅವರನ್ನು ಗೇಟಿನಲ್ಲಿ ಸ್ವಾಗತಿಸಿದೆವು. ಪ್ರತಿಯೊಬ್ಬಳಿಗೂ ನಂಬರು ಕೆತ್ತಿದ ತಗಡಿನ ಬಿಲ್ಲೆ ಕೊಟ್ಟರು, ಅತ್ತಿಗೆಯದು ನಾನೂರ ಹದಿನೇಳು. ತಿಂಗಳಿಗೊಮ್ಮೆ ಕೊಳವೆಯೊಳಗೆ ಜೋರಾಗಿ ಊದಬೇಕು, ಸೂಜಿ ಏರಿದಷ್ಟೂ ಶ್ವಾಸಕೋಶ ಗಟ್ಟಿ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಕಾರ್ಖಾನೆಗೆ ಈ ಅಂಕಿ ಹೋಗುವುದಿಲ್ಲ, ದತ್ತಾಂಶ ಭಂಡಾರದಲ್ಲಿಟ್ಟರೆ ಲೋಕಕ್ಕೆಲ್ಲ ಉಪಯೋಗವಾಗುತ್ತದೆ ಎಂದರು. ಹೆಂಗಸರು ಸಹಿ ಹಾಕಿದರು. ಓದಲು ಬಾರದವರಿಗೆ ನಾನೇ ಓದಿ ಹೇಳಿದೆ. ಆ ಪಾಪದಲ್ಲಿ ನನ್ನ ಪಾಲೂ ಇದೆ.

ಇನ್ನು ಮುಂದಿನದು ನಿಮ್ಮ ಭಂಡಾರದಲ್ಲಿ ಇಲ್ಲದ ವಿಷಯ. ಗಮನವಿಟ್ಟು ಓದಿ.

ಹೆಂಗಸರು ನಾಚಿಕೊಳ್ಳುತ್ತಾರೆಂದು ಆ ವಿದ್ವಾಂಸರು ಮಧ್ಯೆ ಒಂದು ಪರದೆ ಕಟ್ಟಿಸಿದ್ದರು. ಪರದೆಯ ಈಚೆ ಊದುವವಳು, ಆಚೆ ಅಂಕಿ ಬರೆಯುವವನು. ಪರದೆಯ ತೂತಿನಿಂದ ಕೊಳವೆ ಈಚೆ ಬರುತ್ತಿತ್ತು, ಬಿಲ್ಲೆ ಹಿಡಿದ ಕೈ ಆಚೆ ಹೋಗುತ್ತಿತ್ತು. ಅವನು ಎಂಟು ವರ್ಷ ನೋಡಿದ್ದು ಸೂಜಿಯ ಮುಖ, ಹೆಂಗಸರ ಮುಖವಲ್ಲ. ಅವನ ಪಕ್ಕದಲ್ಲೇ, ಸಾಲು ಸರಿಯಾಗಿ ನಿಲ್ಲಿಸುವ ನೆಪದಲ್ಲಿ, ಯಾವ ಬಿಲ್ಲೆ ಯಾರದೆಂದು ಬಲ್ಲ ನಮ್ಮ ಮೇಸ್ತ್ರಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಐದನೇ ವರ್ಷ ಸೂಜಿ ಕೆಂಪು ಗೆರೆ ದಾಟದ ಇಬ್ಬರು ಹೆಂಗಸರ ಹೆಸರು ಮರುವಾರದ ಪಾಳಿ ಪಟ್ಟಿಯಲ್ಲಿ ಇರಲಿಲ್ಲ. ಯಾರೂ ಕಾರಣ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಪಾಲಿಶ್ ಕೋಣೆಗೆ ಒಂದು ಪದ್ಧತಿಯಿದೆ. ಒಬ್ಬಳ ಮಗುವಿಗೆ ಜ್ವರ ಬಂದರೆ ಅವಳ ಕಲ್ಲನ್ನು ಅಕ್ಕಪಕ್ಕದವರು ಹಂಚಿಕೊಂಡು ಉಜ್ಜುತ್ತಾರೆ, ಸಂಜೆಗೆ ಅವಳ ಹೆಸರಿನಲ್ಲೇ ಕಲ್ಲು ಎಣಿಕೆಯಾಗುತ್ತದೆ. ಯಾರೂ ಉಪಕಾರ ಎನ್ನುವುದಿಲ್ಲ, ಅದು ಕೆಲಸದ ಭಾಗ. ಉಸಿರನ್ನೂ ಅವರು ಹಾಗೆಯೇ ಹಂಚಿಕೊಂಡರು. ಆಗಿನ್ನೂ ಇಪ್ಪತ್ತು ತುಂಬದ ಒಬ್ಬಳು ಹುಡುಗಿ ಹೊಸದಾಗಿ ಸೇರಿದ್ದಳು. ಕಮ್ಮಾರನ ತಿದಿಯಂತೆ ಊದುತ್ತಾಳೆಂದು ಅವಳಿಗೆ ‘ತಿದಿ’ ಎಂದೇ ಹೆಸರು ಬಿದ್ದಿತ್ತು. ಅತ್ತಿಗೆ ಅವಳಿಗೆ ಹೇಳಿದ್ದು ಇಷ್ಟು: “ನೀನು ಊದಿದ್ರೆ ಸೂಜಿ ಕುಣಿಯುತ್ತೆ, ನಾನು ಊದಿದ್ರೆ ಮೇಸ್ತ್ರಿ ಹಲ್ಲು ಕಿರೀತಾನೆ. ನನ್ನ ಬಿಲ್ಲೆಗೂ ಒಂದ್ಸಲ ಊದ್ಬಿಡೇ ತಾಯಿ.” ತಿದಿ ಊದಿದಳು. ಮುಂದಿನ ತಿಂಗಳು ಮೂರು ಬಿಲ್ಲೆಗೆ, ವರ್ಷ ತಿರುಗುವಷ್ಟರಲ್ಲಿ ಹನ್ನೊಂದು ಬಿಲ್ಲೆಗೆ. ಪರದೆಯ ಈಚೆ ಸಾಲು ಮುಂದೆ ಸರಿಯುತ್ತಿತ್ತು, ಹನ್ನೊಂದು ಕೈ ಹನ್ನೊಂದು ಬಿಲ್ಲೆ ತೋರಿಸುತ್ತಿದ್ದವು, ಕೊಳವೆಯ ಬಾಯಲ್ಲಿ ಮಾತ್ರ ಒಬ್ಬಳೇ ಹುಡುಗಿ. ನಡುವೆ ಸುಸ್ತಾಗದಿರಲೆಂದು ಅವಳಿಗೆ ಬೆಲ್ಲದ ಚೂರು ಕೊಡುತ್ತಿದ್ದರಂತೆ.

ಈಗ ನಿಮ್ಮ ಅಮೂಲ್ಯ ದತ್ತಾಂಶವನ್ನು ತೆರೆದು ನೋಡಿ. ನಾಲ್ಕು ವರ್ಷ ಒಂದೇ ಸಮನೆ ಇಳಿದ ಹನ್ನೊಂದು ಜೊತೆ ಶ್ವಾಸಕೋಶಗಳು ಐದನೇ ವರ್ಷದಿಂದ ಒಂದರ ಹಿಂದೊಂದು ಎದ್ದು ಕುಣಿಯುತ್ತವೆ. ಅದೂ ಹೆಚ್ಚುಕಮ್ಮಿ ಒಂದೇ ಅಂಕಿಗೆ. ಸಂತೆಗೆ ಹೋಗಿ ಬರುವ ಯಾವ ಮುದುಕಿಯನ್ನು ಕೇಳಿದ್ದರೂ “ಏನೋ ಮಸಲತ್ತು ನಡೆದಿದೆ” ಎನ್ನುತ್ತಿದ್ದಳು. ಆದರೆ ಡಾಕ್ಟರೇಟು ಪಡೆದವರಿಗೆ ಆ ಅನುಕೂಲವಿಲ್ಲ. ಮಾಲೀಕರ ಸಂಘಕ್ಕೆ ಒಂದು ‘ಅಧ್ಯಯನ ವಿಭಾಗ’ವಿದೆ: ಒಂದು ನಾಮಫಲಕ, ಒಂದು ಹವಾನಿಯಂತ್ರಿತ ಕೋಣೆ, ಇಬ್ಬರು ಸೂಟುಧಾರಿಗಳು. ಅವರು ನಿಮ್ಮಿಂದ ಪರವಾನಗಿ ಪಡೆದು, ಅಂಕಿ ಇಳಿಸಿಕೊಂಡು, ವರದಿ ಬರೆದರು. ದೂಳಿಗೆ ಸತತವಾಗಿ ಒಡ್ಡಿಕೊಂಡ ಶ್ವಾಸಕೋಶ ಕ್ರಮೇಣ ಅದಕ್ಕೆ ‘ಹೊಂದಿಕೊಳ್ಳುತ್ತದೆ’ ಎಂಬುದು ವರದಿಯ ಸಾರ. ಹೊಂದಿಕೊಳ್ಳುವುದಂತೆ. ಮದುವೆಯಾಗಿ ಬಂದ ಸೊಸೆಗೆ ಹೇಳುವ ಬುದ್ಧಿಮಾತನ್ನು ಶ್ವಾಸಕೋಶಕ್ಕೂ ಹೇಳಿದ ವಿಜ್ಞಾನಿಗಳು ಇವರೇ ಮೊದಲಿಗರಿರಬೇಕು. ಆ ವರದಿ ತೋರಿಸಿ ಪಾಲಿಶ್ ಕೋಣೆಯ ದೂಳು ಹೀರುವ ಎರಡು ಯಂತ್ರಗಳಲ್ಲಿ ಒಂದನ್ನು ಬಿಚ್ಚಿಕೊಂಡು ಹೋದರು. ವರದಿಯ ಕೊನೆಗೆ ನಿಮ್ಮ ಷರತ್ತಿನ ಪ್ರಕಾರ ‘ದತ್ತಾಂಶ ಕೃಪೆ: ಭಂಡಾರ’ ಎಂದು ಮುದ್ರಿಸಿದ್ದಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಊದಿದವರು ಮೂವತ್ತು ಜನ, ಕೃಪೆ ಮಾತ್ರ ನಿಮ್ಮದು.

ಅತ್ತಿಗೆಗೆ ಈಗ ಐವತ್ತೊಂದು. ತಲೆ ಬಾಚಿಕೊಳ್ಳುವಾಗ ಕೈ ಎತ್ತಿದರೆ ಉಸಿರು ಸಿಗುವುದಿಲ್ಲ, ಅಣ್ಣ ಬಾಚುತ್ತಾನೆ. ಇದು ಕಲ್ಲಿನ ದೂಳಿನಿಂದ ಬಂದ ಕಾಯಿಲೆ ಎಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಕಾರ್ಮಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ, ಮನೆಗೆ ಆಮ್ಲಜನಕದ ಯಂತ್ರ ಬರುತ್ತದೆ. ಒಪ್ಪದಿದ್ದರೆ ಇಲ್ಲ. ಮಂಡಳಿ ಹೇಳಿದ್ದು ಹೀಗೆ: ಕೆಲಸಕ್ಕೆ ಸೇರುವಾಗಲೇ ಕಾಯಿಲೆ ಇದ್ದಿರಬಹುದು, ಇಲ್ಲವೆನ್ನುವುದಾದರೆ ಹಳೆಯ ದಾಖಲೆ ತನ್ನಿ. ಹಳೆಯ ದಾಖಲೆ ಲೋಕದಲ್ಲಿ ಒಂದೇ ಕಡೆ ಇದೆ. ನಾನೂರ ಹದಿನೇಳನೇ ಸಾಲಿನಲ್ಲಿ, ನಿಮ್ಮ ಬಳಿ. ಮೊದಲ ನಾಲ್ಕು ವರ್ಷ ಊದಿದ್ದು ಅವರೇ. ಸೂಜಿ ಎಲ್ಲಿಂದ ಎಲ್ಲಿಗೆ ಬಿತ್ತು ಎಂಬುದು ಅಲ್ಲಿದೆ. ಈ ತಿಂಗಳ ಇಪ್ಪತ್ತಮೂರಕ್ಕೆ ಕೊನೆಯ ವಿಚಾರಣೆ.

ಅದಕ್ಕೇ ಅತ್ತಿಗೆಯೂ ನಾನೂ ನಿಮ್ಮ ಕಚೇರಿಗೆ ಬಂದದ್ದು. ಸ್ವಚ್ಛವಾದ ಕಚೇರಿ. ನಿಮ್ಮ ಯಂತ್ರಗಳಿಗೆ ದೂಳು ಆಗುವುದಿಲ್ಲವೆಂದು ಬಾಗಿಲಲ್ಲೇ ಚಪ್ಪಲಿ ಬಿಡಿಸಿದಿರಿ. ಎದುರು ಮೇಜಿನ ಗುಮಾಸ್ತರು ಫಾರಂ ತುಂಬಿಸತೊಡಗಿದರು.

“ಯಾವ ಸಂಸ್ಥೆಯಿಂದ ಬಂದಿದೀರಮ್ಮ?”

“ಮನೆಯಿಂದ,” ಎಂದರು ಅತ್ತಿಗೆ.

“ಹಾಗಲ್ಲ, ಸಂಸ್ಥೆಯ ಇಮೇಲ್ ಬೇಕು. ಇಲ್ದಿದ್ರೆ ಕಂಪ್ಯೂಟರು ಮುಂದಕ್ಕೆ ಹೋಗಲ್ಲ.”

“ನನ್ನ ಉಸಿರು ಕೇಳೋಕೆ ಇನ್ನೊಬ್ಬರ ಇಮೇಲ್ ಯಾಕಪ್ಪಾ?”

“ಅದು ಬಿಡಿ. ಉದ್ದೇಶ ಏನು? ಬೋಧನೆ, ಸಂಶೋಧನೆ, ನೀತಿ ನಿರೂಪಣೆ. ಮೂರರಲ್ಲಿ ಒಂದು ಒತ್ತಬೇಕು.”

“ಬದುಕೋದು ಅಂತ ಇಲ್ವಾ?”

ಗುಮಾಸ್ತರು ಒಳ್ಳೆಯವರು, ತಲೆ ತಗ್ಗಿಸಿದರು. ಅಷ್ಟರಲ್ಲಿ ನೀವೇ ಹೊರಗೆ ಬಂದಿರಿ. ನೆನಪಿದೆಯೇ? ಷರತ್ತು ಏಳನ್ನು ಬಾಯಿಪಾಠ ಹೇಳಿದಿರಿ: ಯಾವುದೇ ಬಳಕೆದಾರರು ದತ್ತಾಂಶದಲ್ಲಿರುವ ಯಾವುದೇ ವ್ಯಕ್ತಿಯನ್ನು ಗುರುತಿಸಲು ಯತ್ನಿಸತಕ್ಕದ್ದಲ್ಲ. ಆಮೇಲೆ ಕನಿಕರದಿಂದ, “ಅಮ್ಮಾ, ಇದು ನಿಮ್ಮ ರಕ್ಷಣೆಗೇ ಇರೋದು,” ಎಂದಿರಿ.

“ಯಾರಿಂದ ಸ್ವಾಮಿ?” ಎಂದು ಅತ್ತಿಗೆ ಕೇಳಿದರು. “ನನ್ನಿಂದಲಾ?”

ನೀವು ಒಳಗೆ ಹೋಗಿ ಉತ್ತರವನ್ನು ಲಿಖಿತವಾಗಿ ಕಳಿಸಿದಿರಿ. ಆ ಪತ್ರವನ್ನು ನಮ್ಮ ಸಂಘದ ಕೋಣೆಯ ಗೋಡೆಗೆ ಅಂಟಿಸಿದ್ದೇವೆ, ನಗು ಬೇಕಾದವರು ಬಂದು ಓದಿಕೊಂಡು ಹೋಗುತ್ತಾರೆ. “ಅರ್ಜಿದಾರರು ದತ್ತಾಂಶದಲ್ಲಿನ ಓರ್ವ ವ್ಯಕ್ತಿಯನ್ನು ಗುರುತಿಸಲು ಉದ್ದೇಶಿಸಿರುವುದು ಅರ್ಜಿಯಿಂದಲೇ ಕಂಡುಬರುವುದರಿಂದ, ಸದರಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.” ಹೌದು ಸ್ವಾಮಿ, ಉದ್ದೇಶಿಸಿದ್ದರು. ಆ ಓರ್ವ ವ್ಯಕ್ತಿ ನಿಮ್ಮ ಎದುರಿಗೇ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತಿದ್ದರು.

ತಪ್ಪು ತಿಳಿಯಬೇಡಿ. ಷರತ್ತು ಏಳು ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಬೇಕೆಂದು ಕೇಳಿದವರೇ ನಾವು. ಅಂಕಿ ಹಿಡಿದು ಆಳನ್ನು ಹುಡುಕುವ ಮಾಲೀಕನಿಗೆ ಅಡ್ಡವಾಗಿರಲಿ ಎಂದು ಆ ಬೇಲಿ ಹಾಕಿಸಿದೆವು. ನೀವು ಬೇಲಿಯನ್ನು ಚೆನ್ನಾಗಿಯೇ ಹಾಕಿದಿರಿ, ಆದರೆ ಹಾಕುವಾಗ ಮಾಲೀಕನನ್ನು ಒಳಗೆ ಬಿಟ್ಟುಕೊಂಡು ನಮ್ಮನ್ನು ಹೊರಗೆ ನಿಲ್ಲಿಸಿದಿರಿ. ಅವನ ಬಳಿ ಸಂಸ್ಥೆಯಿದೆ, ಇಮೇಲ್ ಇದೆ, ‘ಸಂಶೋಧನೆ’ ಎಂಬ ಉದ್ದೇಶವಿದೆ. ವಾಣಿಜ್ಯಕ್ಕೆ ಬಳಸುವಂತಿಲ್ಲ ಎಂಬ ನಿಮ್ಮ ಷರತ್ತು ನಾಲ್ಕು ಎಲ್ಲಿ ಮಲಗಿತ್ತು ಎಂದು ಕೇಳಿದರೆ, ಅವರು ದತ್ತಾಂಶವನ್ನು ಮಾರಿಲ್ಲವಲ್ಲ ಎನ್ನುತ್ತೀರಿ. ನಿಜ, ಮಾರಲಿಲ್ಲ. ದೂಳು ಹೀರುವ ಯಂತ್ರ ಬಿಚ್ಚಿದರು ಅಷ್ಟೇ. ಉಳಿತಾಯ ಮಾಡುವುದು ವ್ಯಾಪಾರವಲ್ಲವೆಂದು ಯಾವ ಶಾಲೆಯಲ್ಲಿ ಕಲಿತಿರಿ? ಹಂಚಿಕೊಂಡ ಮಾಹಿತಿ ಎನ್ನುತ್ತೀರಿ. ಪಾಲಿಶ್ ಕೋಣೆಯಲ್ಲಿ ಹಂಚಿಕೊಳ್ಳುವುದೆಂದರೆ ಏನೆಂದು ಮೇಲೆ ಬರೆದಿದ್ದೇನೆ. ನಿಮ್ಮಲ್ಲಿ ಹಂಚಿಕೊಳ್ಳುವುದೆಂದರೆ ಒಬ್ಬರಿಂದ ಇಸಕೊಂಡು ಇನ್ನೊಬ್ಬರಿಗೆ ದಾಟಿಸಿ, ಕೊಟ್ಟವರ ಮುಖಕ್ಕೆ ಬಾಗಿಲು ಹಾಕುವುದು.

ನಿಮ್ಮ ದತ್ತಾಂಶದಲ್ಲಿ ತಪ್ಪಿದೆ, ತಿದ್ದಿ ಎಂದೂ ಬರೆದಿದ್ದೆವು. ಅದಕ್ಕೂ ಉತ್ತರ ಬಂತು: ದೋಷ ವರದಿ ಮಾಡುವ ಹಕ್ಕು ನೋಂದಾಯಿತ ಬಳಕೆದಾರರಿಗೆ ಮಾತ್ರ. ಅಂದರೆ ಸುಳ್ಳನ್ನು ಬಳಸಿಕೊಂಡವನು ದೂರು ಕೊಡಬೇಕು, ಸುಳ್ಳು ಹೇಳಿದವರು ಬಾಯಿ ಮುಚ್ಚಿಕೊಂಡಿರಬೇಕು. ತಪ್ಪೊಪ್ಪಿಕೊಳ್ಳಲು ಬಂದವರನ್ನೂ ಅನರ್ಹರೆಂದು ವಾಪಸು ಕಳಿಸುವ ಕಚೇರಿಯನ್ನು ನಾನು ಇಪ್ಪತ್ತೆರಡು ವರ್ಷದ ಹೋರಾಟದಲ್ಲಿ ಇದೇ ಮೊದಲು ನೋಡಿದ್ದು.

ಹೆಸರು ಹಾಕಿ ಒಪ್ಪಿಕೊಳ್ಳುವುದು ಈ ಹೆಂಗಸರಿಗೆ ಸುಲಭವಾಗಿರಲಿಲ್ಲ ಎಂಬುದೂ ನಿಮಗೆ ತಿಳಿದಿರಲಿ. ಹೋದ ವಾರ ಸಂಘದ ಕೋಣೆಯಲ್ಲಿ ಆ ಹನ್ನೊಂದು ಜನರೂ ತಿದಿಯೂ ಸೇರಿದ್ದರು. ಒಬ್ಬಾಕೆ ಹೇಳಿದಳು, “ನಾವೇ ಮೋಸ ಮಾಡಿದ್ವಿ ಅಂತ ಬರೆದುಕೊಟ್ರೆ ಮಂಡಳಿಯವರು ನಮ್ಮನ್ನ ನಂಬ್ತಾರಾ? ಕಳ್ಳಿ ಅಂತಾರೆ ಅಷ್ಟೇ.” ಅತ್ತಿಗೆ ಹೇಳಿದರು, “ಈಗೇನು ನಂಬಿದಾರಾ? ಸುಳ್ಳು ಹೇಳಿದಾಗ ನಂಬಿದ್ರು, ವರದೀನೂ ಬರೆದ್ರು. ನಿಜಾನೂ ಒಂದ್ಸಲ ಹೇಳಿ ನೋಡೋಣ.” ಎಲ್ಲರೂ ತಿದಿಯ ಮುಖ ನೋಡಿದರು. ಅವಳಿನ್ನೂ ಅದೇ ಕೋಣೆಯಲ್ಲಿ ಕೆಲಸಕ್ಕಿದ್ದಾಳೆ. ಸಹಿ ಹಾಕಿದರೆ ಮರುದಿನ ಗೇಟಿನ ಹೊರಗೆ. “ಮೊದಲು ನನ್ನದೂ ಒಂದ್ಸಲ ನೋಡ್ಬಿಡಿ,” ಎಂದಳು. ನಮ್ಮ ಸ್ನೇಹಿತ ವೈದ್ಯರೊಬ್ಬರು ಅಂಥದೇ ಊದುವ ಯಂತ್ರ ತಂದಿದ್ದರು. ತಿದಿ ಊದಿದಳು. ಸೂಜಿ ಕೆಂಪು ಗೆರೆಯ ಕೆಳಗೇ ನಿಂತಿತು. ತಡೀರಿ, ಸರಿಯಾಗಿ ಹಿಡಿದಿರಲಿಲ್ಲ ಎಂದು ಇನ್ನೆರಡು ಸಲ ಊದಿದಳು. ಎರಡು ಸಲವೂ ಅಲ್ಲೇ. ಅವಳಿಗಿನ್ನೂ ಇಪ್ಪತ್ತಾರು.

“ನನಗೀಗ ಯಾರು ಊದಿಕೊಡ್ತಾರಕ್ಕಾ?” ಎಂದು ಅತ್ತಿಗೆಯನ್ನು ಕೇಳಿ ತಾನೇ ನಕ್ಕಳು. ಅತ್ತಿಗೆ ನಗಲಿಲ್ಲ. ಪೆನ್ನು ತೆಗೆದು ಅವಳ ಕೈಗೆ ಕೊಟ್ಟರು. ಮೊದಲ ಸಹಿ ತಿದಿಯದೇ.

ಆದ್ದರಿಂದ ಕೇಳುತ್ತಿದ್ದೇನೆ. ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ನಾನೂರ ಹದಿನೇಳನೇ ಸಾಲನ್ನು ಇಪ್ಪತ್ತಮೂರರೊಳಗೆ ಅತ್ತಿಗೆಯ ಕೈಗೆ ಕೊಡಿ. ಯಾವ ತಿಂಗಳಿನಿಂದ ಯಾವ ಬಿಲ್ಲೆಗೆ ಬೇರೆಯವಳು ಊದಿದಳೆಂದು ಹನ್ನೆರಡು ಹೆಂಗಸರೂ ಸಹಿ ಮಾಡಿದ ಹೇಳಿಕೆಯನ್ನು ಆ ದತ್ತಾಂಶ ಎಲ್ಲಿಗೆ ಹೋದರೂ ಅದರ ಜೊತೆಗೇ ಕಳಿಸಿ. ‘ಹೊಂದಿಕೊಂಡ’ ಶ್ವಾಸಕೋಶದ ಆ ವರದಿ ವಾಪಸಾಗುವವರೆಗೆ ಮಾಲೀಕರ ಸಂಘದ ಪರವಾನಗಿಯನ್ನು ಅಮಾನತಿನಲ್ಲಿಡಿ. ನಿಮ್ಮ ಹದಿನಾಲ್ಕು ಪುಟಕ್ಕೆ ಒಂದೇ ಒಂದು ಸಾಲು ಸೇರಿಸಿ: ಕೊಟ್ಟವರು ಬಂದು ಕೇಳಿದರೆ ಅವರದನ್ನು ಅವರಿಗೆ ತೋರಿಸತಕ್ಕದ್ದು. ಇಷ್ಟಕ್ಕೆ ಸಮಿತಿ ಬೇಕಿಲ್ಲ. ಸ್ವಲ್ಪ ಮಾನ ಇದ್ದರೆ ಸಾಕು.

ನೀವು ಮಾಡಲಾರಿರಿ ಎಂದೇ ನನ್ನ ಅಂದಾಜು. ಹಾಗಾಗಿ ಮುಂದಿನದನ್ನೂ ತಿಳಿಸಿಬಿಡುತ್ತೇನೆ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹನ್ನೆರಡು ಹೆಂಗಸರು ನಿಮ್ಮ ಕಚೇರಿಗೆ ಬರುತ್ತಾರೆ. ಒಬ್ಬೊಬ್ಬರಾಗಿ ಮುಂದೆ ನಿಂತು, ಬಿಲ್ಲೆ ತೋರಿಸಿ, ತಮ್ಮ ಹೆಸರು ಹೇಳುತ್ತಾರೆ. ಪತ್ರಿಕೆಯವರ ಎದುರು, ಎಲ್ಲರಿಗೂ ಕೇಳುವಂತೆ, ತಮ್ಮನ್ನು ತಾವೇ ಗುರುತಿಸಿಕೊಳ್ಳುತ್ತಾರೆ. ಷರತ್ತು ಏಳು ಹನ್ನೆರಡು ಸಲ ಮುರಿಯುತ್ತದೆ. ಬೇಕಾದರೆ ಪೊಲೀಸರನ್ನು ಕರೆಸಿಟ್ಟುಕೊಳ್ಳಿ. ಆದರೆ ಅದಕ್ಕೆ ಮೊದಲು ಹನ್ನೆರಡು ಕುರ್ಚಿ ಹಾಕಿಸಿಡಿ. ನಿಮ್ಮ ಕಚೇರಿ ಎರಡನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತಿ ಬಂದ ಮೇಲೆ ಹೆಸರು ಹೇಳುವಷ್ಟು ಉಸಿರು ಕೂಡಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಅಷ್ಟು ಹೊತ್ತು ನೀವು ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಇಂತಿ, ವಿಶ್ವಾಸಿ ಎಂದು ಬರೆಯಲು ಕೈ ಬಾರದ,
ಓದಲು ಬಾರದವರಿಗೆ ಒಪ್ಪಿಗೆ ಕಾಗದವನ್ನು ಓದಿ ಹೇಳಿ ಸಹಿ ಹಾಕಿಸಿದ ತಪ್ಪಿತಸ್ಥ,
ಕೊಯ್ಯುವ ವಿಭಾಗ