ಸೈರನ್ ಕೂಗಿದರೆ ನಾವು ಹಳ್ಳಕ್ಕಿಳಿಯುತ್ತೇವೆ

ನೆರೆ ಮುನ್ನೆಚ್ಚರಿಕೆ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಜೀವ ಉಳಿಸಲೆಂದು ತಾವು ಹಾಕಿಸಿದ ಸೈರನ್ ಈ ಮಳೆಗಾಲದಲ್ಲಿ ನಮ್ಮವರನ್ನು ಕೊಲ್ಲಲಿದೆ. ಯಂತ್ರ ಕೆಟ್ಟಿಲ್ಲ, ಚೆನ್ನಾಗಿಯೇ ಕೂಗುತ್ತದೆ. ಕೂಗಿಸುವವನು ನಾನೇ. ಕಿಗ್ಗದ ಮೇಲಿನ ಕಾಡಿನಲ್ಲಿ ಹಳ್ಳ ಏರಿದರೆ ಅಲ್ಲಿಯ ಕಾವಲುಗಾರ ವೈರ್‌ಲೆಸ್‌ನಲ್ಲಿ ತಿಳಿಸಬೇಕು, ನಾನು ಹಾಲಿನ ಸೊಸೈಟಿ ಕಟ್ಟಡದಲ್ಲಿ ಕೂತು ಗುಂಡಿ ಒತ್ತಬೇಕು, ಜನ ಗುಡ್ಡ ಹತ್ತಬೇಕು. ತಮ್ಮ ಯೋಜನೆ ಇಷ್ಟೇ.

ಯಂತ್ರ ಸರಿಯಿದೆಯೆಂದು ತೋರಿಸಲು ದಿನಕ್ಕೊಮ್ಮೆ ಕೂಗಿಸಬೇಕೆಂಬ ನಿಯಮವನ್ನೂ ಮಾಡಿದಿರಿ. ಯಾವ ಹೊತ್ತಿಗೆ ಎಂದು ತೀರ್ಮಾನಿಸಲು ಕೊಪ್ಪದ ಹೋಟೆಲೊಂದರಲ್ಲಿ ‘ಪಾಲುದಾರರ ಸಭೆ’ ಕರೆದಿರಿ. ಬೆಳಿಗ್ಗೆ ಕೂಗಿದರೆ ಅತಿಥಿಗಳ ನಿದ್ದೆ ಕೆಡುತ್ತದೆ ಎಂದರು ಹೋಂಸ್ಟೇ ಮಾಲೀಕರು. ಸಂಜೆ ಬೇಡವೆಂದರು ತೋಟದ ಯಜಮಾನರು. ಕೊನೆಗೆ ಮಧ್ಯಾಹ್ನ ಹನ್ನೆರಡೂವರೆ ಎಂದಾಯಿತು. ಹಳ್ಳದ ದಂಡೆಯ ಗದ್ದೆಯಲ್ಲಿ ದುಡಿಯುವವರನ್ನು ಯಾರಾದರೂ ಕೇಳಿದಿರಾ? ನನ್ನ ತಾಯಿ ಶೇಷಮ್ಮ ಅಲ್ಲೇ ನಾಟಿ ಮಾಡುವವಳು. ಸಭೆಯ ಸುದ್ದಿ ಹೇಳಿದರೆ ನಕ್ಕುಬಿಟ್ಟಳು: “ಪಾಲುದಾರರಾ? ನಂಗೆ ಯಾವ ತೋಟದಲ್ಲಿ ಪಾಲು ಬಂತೋ ಮಾರಾಯ?”

ಹನ್ನೆರಡೂವರೆ ಎಂದರೆ ಗದ್ದೆಯವರ ಊಟದ ಹೊತ್ತು. ಸೈರನ್ ಕೂಗುತ್ತದೆ, ಹೆಂಗಸರು ಸಸಿಯ ಕಟ್ಟು ಬಿಟ್ಟು ಏಳುತ್ತಾರೆ, ಕೆಸರಿನ ಕೈ ತೊಳೆಯಲು ಸೀದಾ ಹಳ್ಳಕ್ಕಿಳಿಯುತ್ತಾರೆ. ವಾರಗಟ್ಟಲೆ ಹೀಗೆಯೇ ನಡೆದಿದೆ. ಪರಿಶೀಲನೆಗೆ ಬಂದ ತಮ್ಮ ತಂಡ ದೂರದ ರಸ್ತೆಯಿಂದ ಇದನ್ನು ವಿಡಿಯೋ ಮಾಡಿಕೊಂಡು, ‘ಜನರ ಸ್ಪಂದನೆ ತಕ್ಷಣ ಹಾಗೂ ಸಂಪೂರ್ಣ’ ಎಂದು ವರದಿ ಬರೆಯಿತು. ಸ್ಪಂದಿಸಿದ್ದು ನಿಜ. ಯಾವ ದಿಕ್ಕಿಗೆ ಹೋದರೆಂದು ನೋಡುವುದು ವರದಿಯ ಕೆಲಸವಲ್ಲವೇನೋ.

ಕಳೆದ ಗುರುವಾರ ಊಟದ ಹೊತ್ತಿಗೆ ಸ್ವಲ್ಪ ಮೊದಲೇ ವೈರ್‌ಲೆಸ್ ಕರೆಯಿತು. ಈ ಸಲ ನಿಜವಾಗಿಯೇ ನೀರು. ಗುಂಡಿ ಒತ್ತಿ ಕಿಟಕಿಯಲ್ಲಿ ನೋಡಿದೆ. ಎಲ್ಲರೂ ಎದ್ದರು, ಎಲ್ಲರೂ ಹಳ್ಳಕ್ಕಿಳಿದರು. ನಾನು ಕೂಗುತ್ತಾ ಓಡಿದೆ. ನನ್ನ ದನಿಯನ್ನು ತಮ್ಮ ಸೈರನ್ನೇ ನುಂಗಿತು.

ಪಕ್ಕದ ಮನೆಯ ಕಾವ್ಯ ನೀರಲ್ಲಿ ನಿಂತೇ ತಮಾಷೆ ಮಾಡಿದಳು: “ಶೇಷಮ್ಮತ್ತೆ, ನಿಮ್ಮ ಮಗನೇ ಬಂದ ನೋಡಿ, ಬಡಿಸಕ್ಕೆ.”

“ಇವತ್ತು ಬೇಗ ಕೂಗ್ಸಿದ್ಯಲ್ಲಾ, ಹಸಿವಾಯ್ತಾ ನಿಂಗೆ?” ಎಂದಳು ಅಮ್ಮ.

ಅವಳ ತೋಳು ಹಿಡಿದು ಎಳೆದೆ. ಉಳಿದವರು ನನ್ನ ಮುಖ ನೋಡಿ ದಡ ಹತ್ತಿದರು. ಹಿಂದೆಯೇ ಕೆಂಪು ನೀರು ಬಂತು. ಬಂಡೆಯ ಮೇಲಿಟ್ಟಿದ್ದ ಬುತ್ತಿಗಳು ಕಣ್ಣೆದುರೇ ಕೊಚ್ಚಿಹೋದವು.

ಮರುದಿನ ತಮ್ಮ ಕಚೇರಿಗೆ ಬಂದೆ. ಅಪಾಯಕ್ಕೆ ಬೇರೆ ದನಿ ಇಡಿ, ಪರೀಕ್ಷೆಗೆ ಬೇರೆ ಇಡಿ ಎಂದೆ. “ಯೋಜನೆಯಲ್ಲಿ ಒಂದೇ ದನಿ ಇರೋದು. ನೀನು ಎಲ್ಲಿವರೆಗೆ ಓದಿದ್ದೀಯಪ್ಪ?” ಎಂದು ಅಲ್ಲಿಯವರು ಕೇಳಿದರು. ಒಂಬತ್ತನೇ ಕ್ಲಾಸಿನ ಮಧ್ಯದಲ್ಲೇ ಶಾಲೆ ಬಿಟ್ಟೆ ಸ್ವಾಮಿ. ಒಂದು ಕಡೆ ಕೂರುವ ಜಾತಿ ನನ್ನದಲ್ಲ. ಗ್ಯಾರೇಜು ಬಿಟ್ಟೆ, ಬಸ್ಸಿನ ಕ್ಲೀನರ್ ಕೆಲಸ ಬಿಟ್ಟೆ. ಇದನ್ನು ಮಾತ್ರ ಬಿಡಲು ಹೆದರಿಕೆ. ನನ್ನ ಜಾಗಕ್ಕೆ ಬರುವವನು ಗುಂಡಿ ಒತ್ತಿ ಸುಮ್ಮನೆ ಕೂತರೆ?

ದಿನದ ಕೂಗನ್ನು ಇಂದೇ ನಿಲ್ಲಿಸಿ. ಗದ್ದೆಯ ಬದುವಿನ ಮೇಲೆ ಬಂದು ಕೂತು, ಯಾವ ದನಿ, ಯಾವ ಹೊತ್ತು, ಯಾವ ದಾರಿ ಎಂದು ಆ ಹೆಂಗಸರನ್ನೇ ಕೇಳಿ. ಅದಾಗುವವರೆಗೆ ನನ್ನ ಒಂದು ಪ್ರಶ್ನೆಗೆ ಸಹಿ ಹಾಕಿ ಉತ್ತರ ಕೊಡಿ. ಕಾಡಿನ ಮೇಲೆ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಎಷ್ಟು ಹೇಳಿದರೂ ಊಟಕ್ಕೂ ನೆರೆಗೂ ಅದೇ ಕೂಗು, ಕೇಳಿದ ಕೂಡಲೇ ಅವರ ಕಾಲು ಹಳ್ಳದ ಕಡೆಗೇ ಹೋಗುತ್ತದೆ. ಗುಂಡಿ ಒತ್ತಿದರೆ ಅಮ್ಮ ಹಳ್ಳಕ್ಕಿಳಿಯುತ್ತಾಳೆ. ಒತ್ತದಿದ್ದರೆ ಹಳ್ಳವೇ ಗದ್ದೆಗೆ ಬರುತ್ತದೆ. ವೈರ್‌ಲೆಸ್ ಮತ್ತೆ ಕರೆದಾಗ ನಾನು ಒತ್ತಲೋ, ಬೇಡವೋ?

ಇಂತಿ,
ಒತ್ತಲೂ ಆಗದ, ಎದ್ದು ಹೋಗಲೂ ಆಗದ ತಮ್ಮ ನೌಕರ
ಪ್ರದೀಪ